ಅಟ್ಟದ ಕೆಳಗಿನ ಮಿಷಿನ್ನು

ಹಾಸನದ ಬಸ್ ನಿಲ್ದಾಣದಿಂದ ಸ್ವಲ್ಪ ದೂರದಲ್ಲಿ ಬಾಗಿಲು, ಕಿಟಕಿ ಮಾಡುವ ಅಂಗಡಿಯೊಂದಿದೆ. ಹೋದ ತಿಂಗಳು ಅದರ ಮುಂದೆ ಹಾದುಹೋಗುವಾಗ ಹಲಸಿನ ಮರ ಸೀದ ವಾಸನೆ ಮೂಗಿಗೆ ಬಡಿಯಿತು. ಬೆಲ್ಲದ ಪಾಕ ತಳ ಹಿಡಿದರೆ ಬರುವ ವಾಸನೆಯೇ ಹೆಚ್ಚುಕಡಿಮೆ. ಬಸ್ಸಿಗೆ ಹೊತ್ತಾಗುತ್ತಿತ್ತು, ಆದರೂ ಕಾಲು ಮುಂದಕ್ಕೆ ಹೋಗಲಿಲ್ಲ. ಒಳಗೆ ಮಂಚದಗಲದ ಸಿಎನ್‌ಸಿ ರೂಟರ್ ಒಂದು ಕಂಪ್ಯೂಟರಿನ ಚಿತ್ರದಂತೆ ಬಾಗಿಲ ಮೇಲೆ ಬಳ್ಳಿ ಕೆತ್ತುತ್ತಿತ್ತು. ಅದನ್ನು ನಡೆಸುವವನು ಕುರ್ಚಿಯಲ್ಲಿ ಒರಗಿ ಮೊಬೈಲ್ ನೋಡುತ್ತಿದ್ದ.

“ಬಿಟ್ ಮೊಂಡಾಗಿದೆ ಕಣಪ್ಪ, ಮರ ಸುಡ್ತಾ ಇದೆ ನೋಡು” ಅಂದೆ.

ಅವನು ನನ್ನನ್ನೂ ನನ್ನ ಕೈಯಲ್ಲಿದ್ದ ಸೊಪ್ಪಿನ ಚೀಲವನ್ನೂ ನೋಡಿದ. “ನಿಮ್ಗೆಂಗ್ ಗೊತ್ತಾಯ್ತು ಆಂಟಿ?”

ಆಂಟಿ ಎಂದದ್ದಕ್ಕೆ ಕೋಪ ಬಂತು, ಕೇಳಿದ್ದಕ್ಕೆ ನಗು ಬಂತು. ಉತ್ತರ ಕೊಡಲು ಹೋದರೆ ಒಂದು ಇಡೀ ವರ್ಷವನ್ನೇ ಅವನ ಮುಂದೆ ಹರಡಬೇಕಿತ್ತು. ಬಸ್ಸು ಚನ್ನರಾಯಪಟ್ಟಣ ಮುಟ್ಟುವವರೆಗೂ ಆ ವರ್ಷವೇ ತಲೆಯಲ್ಲಿ ಓಡುತ್ತಿತ್ತು.

ಆಗ ನಾನು ಬಾಗೂರಿನ ಪಕ್ಕದ ಹಳ್ಳಿಗೆ ಸೊಸೆಯಾಗಿ ಬಂದು ಬಹಳ ಕಾಲವೇನೂ ಆಗಿರಲಿಲ್ಲ. ಹಾಸನದಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ, ಅಲ್ಲಿಯೇ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವಳು ನಾನು. ಕಾರ್ಖಾನೆ ಮುಚ್ಚಿತು, ಮದುವೆ ಗೊತ್ತಾಯಿತು, ಎರಡೂ ಒಂದೇ ಬೇಸಿಗೆಯಲ್ಲಿ. ನಮ್ಮ ಮನೆಯವರು ಹೊಳೆನರಸೀಪುರದ ಕಡೆ ಲೈನ್‌ಮನ್. ಬೆಳಿಗ್ಗೆ ಬೈಕ್ ಹತ್ತಿದರೆ ಮುಖ ಕಾಣುವುದು ಸಂಜೆಗೆ. ಮನೆಯಲ್ಲಿ ತೆಂಗಿನ ತೋಟ, ಎರಡು ಹಸು, ಅತ್ತೆ, ಮಾವ. ಯಾವುದಕ್ಕೂ ಕೊರತೆ ಇರಲಿಲ್ಲ. ಆದರೂ ನನಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಚೆನ್ನಾಗಿ ತಿರುಗುತ್ತಿದ್ದ ಮಿಕ್ಸಿಯನ್ನು ಬಿಚ್ಚಿ ಜೋಡಿಸುತ್ತಿದ್ದೆ. ಮೋಟಾರ್ ಮನೆಗೆ ಹೋಗಿ ಸ್ಟಾರ್ಟರ್ ಡಬ್ಬ ತೆರೆದು ನೋಡಿ ಸುಮ್ಮನೆ ಮುಚ್ಚಿ ಬರುತ್ತಿದ್ದೆ. “ಇವ್ಳ ಕೈಗೆ ಸ್ಪ್ಯಾನರ್ ಸಿಕ್ಕುದ್ರೆ ಗ್ವಾಡೆನೂ ಬಿಚ್ಚಿ ಮಡಗ್ತಾಳೆ ಕಣವ್ವ” ಎಂದು ಅತ್ತೆ ಪಕ್ಕದ ಮನೆಯವರಿಗೆ ಹೇಳುವುದು ನನ್ನ ಕಿವಿಗೂ ಬೀಳುತ್ತಿತ್ತು. ಬೀಳಲಿ ಎಂದೇ ಹೇಳುತ್ತಿದ್ದರು.

ಆ ದಿನಗಳಲ್ಲೇ ಮೊಬೈಲಿನಲ್ಲಿ ನನಗೊಂದು ನಕ್ಷೆ ಸಿಕ್ಕಿದ್ದು. ಯಾವುದೋ ಚಳಿ ದೇಶದ ಮೇಷ್ಟರೊಬ್ಬರು ಮನೆಯಲ್ಲೇ ಸಿಎನ್‌ಸಿ ರೂಟರ್ ಕಟ್ಟಿ, ಅದರ ನಕ್ಷೆಗಳನ್ನೆಲ್ಲ ಇಂಟರ್ನೆಟ್ಟಿನಲ್ಲಿ ಹಾಕಿದ್ದರು. ಯಾರು ಬೇಕಾದರೂ ಕಟ್ಟಿಕೊಳ್ಳಿ, ಕಟ್ಟಿದ ಮೇಲೆ ಒಂದು ಫೋಟೊ ಕಳಿಸಿ, ಅಷ್ಟೇ ಸಾಕು ಎಂದು ಕೆಳಗೆ ಬರೆದಿದ್ದರು. ಎಲ್ಲೆಲ್ಲಿಯವರೋ ಕಟ್ಟಿದ್ದರು. ಒಬ್ಬರು ಕಾರ್ ಶೆಡ್ಡಿನಲ್ಲಿ, ಒಬ್ಬರು ಮನೆಯ ಬಾಲ್ಕನಿಯಲ್ಲಿ. ಆ ಫೋಟೊಗಳನ್ನು ನೋಡಿದ ದಿನ ನನಗೆ ಊಟ ರುಚಿಸಲಿಲ್ಲ. ಮರುದಿನವೇ ಚನ್ನರಾಯಪಟ್ಟಣಕ್ಕೆ ಹೋಗಿ ನಕ್ಷೆಗಳನ್ನೆಲ್ಲ ಪ್ರಿಂಟ್ ತೆಗೆಸಿದೆ. ಜೆರಾಕ್ಸ್ ಅಂಗಡಿಯವನು “ಯಾವ ಪರೀಕ್ಷೆ ಮೇಡಂ?” ಎಂದು ಕೇಳಿದ.

ಮನೆಯಲ್ಲಿ ವಿಷಯ ಹೇಳಿದ್ದು ಸಂಜೆಯ ಕಾಫಿ ಹೊತ್ತಿಗೆ. ಒಂದು ಮೇಜು. ಮೇಜಿನ ಮೇಲೆ ಸೇತುವೆಯ ಥರ ಒಂದು ಅಡ್ಡಪಟ್ಟಿ. ಆ ಪಟ್ಟಿಗೆ ತಿರುಗುವ ಬಿಟ್‌ನಿಂದ ಮರ ಕೊರೆಯುವ ಬಡಗಿಗಳ ರೂಟರ್ ನೇತುಹಾಕಿ, ಎಡಬಲಕ್ಕೆ, ಹಿಂದೆ ಮುಂದೆ, ಮೇಲೆ ಕೆಳಗೆ ಓಡಿಸಲು ಮೋಟಾರುಗಳು. ಕಂಪ್ಯೂಟರಿಗೆ ಚಿತ್ರ ಕೊಟ್ಟರೆ ರೂಟರ್ ತಾನೇ ಓಡಾಡಿ ಮರದಲ್ಲಿ ಅದನ್ನು ಕೆತ್ತುತ್ತದೆ. ನಮ್ಮ ಮನೆಯವರು ಎಲ್ಲ ಕೇಳಿ, “ಕರೆಂಟ್ ಎಷ್ಟು ಎಳೀತದೆ?” ಎಂದರು. ಅವರ ಒಪ್ಪಿಗೆ ಇರುವುದೇ ಹಾಗೆ. ಅತ್ತೆ ಮಾತ್ರ ಲೋಟ ಕೆಳಗಿಟ್ಟು, “ಎಲ್ಲಿ ಮಡಗ್ತೀಯ ಅದ್ನ?” ಎಂದರು.

ನನ್ನ ಕಣ್ಣಿದ್ದದ್ದು ಅಟ್ಟದ ಕೆಳಗಿನ ಕೋಣೆಯ ಮೇಲೆ. ನಮ್ಮ ಕಡೆ ತೆಂಗಿನಕಾಯಿಯನ್ನು ನಾರಿನ ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ವರ್ಷವಿಡೀ ಬಿಡುತ್ತಾರೆ. ನೀರು ಬತ್ತಿ, ಒಳಗೇ ಒಣಗಿ ಕೊಬ್ಬರಿಯಾಗುತ್ತದೆ. ಅಲ್ಲಾಡಿಸಿದರೆ ಲೊಡಲೊಡ ಎನ್ನಬೇಕು, ಆಗ ಅಟ್ಟ ಇಳಿಸುವ ಕಾಲ. ಇಳಿಸಿದ ಕಾಯಿ ಬಂದು ಬೀಳುವುದು, ಸುಲಿಯುವವರು ಕೂರುವುದು, ಎಲ್ಲಾ ಆ ಕೆಳಗಿನ ಕೋಣೆಯಲ್ಲೇ. ಕೊಬ್ಬರಿಯ ಯಜಮಾನಿಕೆ ಪೂರ್ತಿ ಅತ್ತೆಯದು. ಮಾವ ಆ ವಿಷಯಕ್ಕೆ ತಲೆ ಹಾಕುತ್ತಿರಲಿಲ್ಲ. ಮಿಕ್ಕ ತಿಂಗಳು ಕೋಣೆ ಖಾಲಿ ಬಿದ್ದಿರುತ್ತಿತ್ತು.

ಅತ್ತೆ ಒಂದು ಮಾತು ಹೇಳಿದರು. “ಅಟ್ಟ ಇಳಿಸೋ ಹೊತ್ಗೆ ಒಂದ್ ಮನೆಗೆ ಆಗೋ ಅಂಥದ್ದು ಏನಾರ ಮಾಡಿ ತೋರ್ಸು. ತೋರ್ಸುದ್ರೆ ಕ್ವಾಣೆ ನಿಂದೇ, ಕಾಯ್ನ ನಾನು ಹಿತ್ಲಿಗೆ ಇಳಿಸ್ಕತೀನಿ. ಆಗ್ನಿಲ್ವಾ, ಗುಜರಿಯವ್ನ ಕರುಸ್ತೀನಿ. ಆಮೇಲೆ ಸ್ಪ್ಯಾನರು ಅಂತ ಒಂದ್ ಮಾತಾಡಂಗಿಲ್ಲ.”

ಆಗಲಿ ಎಂದೆ. ಆಗದೇ ಇರಬಹುದು ಎಂಬ ಯೋಚನೆ ನನಗೆ ಬರಲೇ ಇಲ್ಲ. ನನ್ನ ಜಾಯಮಾನವೇ ಅದು.

ಇನ್ನು ಮಾವ. ಸುತ್ತಿನ ಹಳ್ಳಿಗಳಲ್ಲಿ ಅವರನ್ನು ಆಯದ ಗೌಡರು ಎಂದೇ ಕರೆಯುತ್ತಿದ್ದರು. ಯಾರೇ ಮನೆ ಕಟ್ಟಲಿ, ದನದ ಕೊಟ್ಟಿಗೆ ಹಾಕಲಿ, ಆಯ ನೋಡಲು ಇವರೇ ಹೋಗಬೇಕು. ಉದ್ದ, ಅಗಲ ಅಂಗುಲದಲ್ಲಿ ಅಳೆದು, ಗುಣಿಸಿ, ಭಾಗಿಸಿ, ಕಡೆಗೆ ಉಳಿದದ್ದರ ಮೇಲೆ ಆನೆ, ಸಿಂಹ, ಎತ್ತು ಬಂದರೆ ಒಳ್ಳೆಯದು. ನಾಯಿ, ಕತ್ತೆ, ಕಾಗೆ ಬಂದರೆ ಕೆಟ್ಟದ್ದು. ಮನೆಗೆ ಇದನ್ನು ನೋಡುವವರು ಬೇಕಾದಷ್ಟು ಜನ ಇದ್ದಾರೆ. ಮಾವ ಅಲ್ಲಿಗೆ ನಿಲ್ಲಿಸುವವರಲ್ಲ. ನನ್ನ ತವರಿನಿಂದ ಕೊಟ್ಟ ಬೀರುವಿಗೆ ಕಾಗೆ ಆಯ ಬಂತೆಂದು ಅದರ ತಲೆಗೆ ಒಂದು ಪಟ್ಟಿ ಹೊಡೆಸಿ ಎತ್ತರ ಮಾಡಿಸಿದ್ದರು. ಮಂಚದ ಕಾಲು ಕೊಯ್ಸಿದ್ದು ಬೇರೆ ಕಥೆ.

ನಕ್ಷೆಯನ್ನು ಅವರು ಜಗಲಿಯ ಮೇಲೆ ಹರಡಿಕೊಂಡು, ಕನ್ನಡಕ ಏರಿಸಿ, ಪೆನ್ಸಿಲಿನಲ್ಲಿ ಲೆಕ್ಕ ಹಾಕಿದರು. ಆಮೇಲೆ ನನ್ನನ್ನು ಕರೆದರು.

“ಅಲ್ಲ ಕಣವ್ವ, ನಿನ್ ಮೇಷ್ಟ್ರು ಆಯ ನೋಡಿ ಮಾಡವ್ನಾ ಇದ್ನ?”

“ಅವರ ದೇಶದಲ್ಲಿ ಆಯ ಎಲ್ಲಿಂದ ಬರಬೇಕು ಮಾವ?”

“ಅದ್ಕೇ. ನಾಯಿ ಆಯ ಬತ್ತದೆ. ಹಗ್ಲೂ ರಾತ್ರಿ ಬೊಗುಳ್ತಾ ಬಿದ್ದಿರ್ತದೆ, ಕೆಲ್ಸ ಆಗಾಕಿಲ್ಲ.”

“ಮಾವ, ಇದು ಮನೆ ಅಲ್ಲ, ಮಿಷಿನ್ನು.”

“ಮನೇಲಿ ನೆಲ ಮುಟ್ಟಿ ನಿಂತಿದ್ದೆಲ್ಲಾ ಮನೇನೇ ಕಣವ್ವ. ಅಗಲ್ದಲ್ಲಿ ಎರಡು ಬೆಳ್ಳು ಜಾಸ್ತಿ ಮಾಡು. ಎತ್ತು ಬತ್ತದೆ. ದುಡಿಯೋ ಮಿಷಿನ್ಗೆ ಎತ್ತು ಆಯ ಬಾಳ ಒಳ್ಳೇದು.”

ನಾನು ವಾದ ಮಾಡಿದೆ, ಮುಖ ಊದಿಸಿಕೊಂಡೆ, ಒಂದು ಹೊತ್ತು ಮಾತೂ ಬಿಟ್ಟೆ. ಆದರೆ ಮನೆಯಲ್ಲಿ ನನ್ನ ಮಿಷಿನ್ನಿನ ಪರವಾಗಿ ಗಟ್ಟಿಯಾಗಿ ಮಾತಾಡುತ್ತಿದ್ದದ್ದು ಅವರೊಬ್ಬರೇ. ಎರಡು ಬೆರಳು ತಾನೇ, ಹಾಳಾಗಿ ಹೋಗಲಿ ಎಂದು ಅಡ್ಡಪಟ್ಟಿಯನ್ನು ಎರಡು ಬೆರಳು ಉದ್ದ ಮಾಡಿಯೇ ಕುಯ್ಸಿದೆ. ಮಾವ ಅಳೆದು ನೋಡಿ, ಗಿಡಕ್ಕೆ ನೀರು ಹಾಯಿಸಿದವರ ಹಾಗೆ ಸಮಾಧಾನದಿಂದ ಎದ್ದು ಹೋದರು.

ಆಷಾಢದ ಗಾಳಿ ಶುರುವಾಗಿತ್ತು. ತೆಂಗಿನ ಗರಿಗಳು ಇಡೀ ದಿನ ಬಡಿದಾಡುತ್ತಿದ್ದವು, ಹೆಂಚುಗಳು ಕಟಕಟ ಎನ್ನುತ್ತಿದ್ದವು. ಮಳೆ ಬಂದಂತೆ ಮಾಡಿ ಹೋಗುತ್ತಿತ್ತು. ನಾನೂ ಹಾಗೇ ಇದ್ದೆ. ಬೋಲ್ಟಿಗೆ ಚನ್ನರಾಯಪಟ್ಟಣ, ಲೇತ್ ಕೆಲಸಕ್ಕೆ ಹೊಳೆನರಸೀಪುರ, ಅಲ್ಯೂಮಿನಿಯಂ ಪಟ್ಟಿಗೆ ಹಾಸನ. ಬಸ್ಸಿನಲ್ಲಿ ಸೀಟು ಸಿಕ್ಕರೂ ಇಳಿಯುವ ಊರಿಗೆ ಮುಂಚೆಯೇ ಎದ್ದು ಬಾಗಿಲ ಹತ್ತಿರ ನಿಲ್ಲುತ್ತಿದ್ದೆ. ಲೇತ್ ಅಂಗಡಿಯವರು ಹೋದಾಗಲೆಲ್ಲ “ನಾಳೆ ಬನ್ನಿ ಮೇಡಂ” ಎನ್ನುತ್ತಿದ್ದರು. ನಾಳೆ ಹೋದರೆ ಕರೆಂಟ್ ಇಲ್ಲ. ಕರೆಂಟ್ ಯಾಕಿಲ್ಲ ಎಂದು ಮನೆಯವರಿಗೆ ಫೋನ್ ಮಾಡಿದರೆ, ಕಂಬದ ಮೇಲಿದ್ದೀನಿ, ಇಟ್ಟುಬಿಡು ಎನ್ನುತ್ತಿದ್ದರು. ಮೋಟಾರು, ಬೋರ್ಡು, ರೂಟರನ್ನು ಎಳೆದಾಡಿಸುವ, ಬೋಲ್ಟಿನಂತೆ ಮರೆ ಸುತ್ತಿದ ಉದ್ದ ಸರಳುಗಳು ಕೊರಿಯರಿನಲ್ಲಿ ಬರಬೇಕಿತ್ತು. ಕೊರಿಯರಿನವನ ಗಾಡಿ ಸದ್ದು ನನಗೆ ಎಷ್ಟು ಪರಿಚಯವಾಗಿತ್ತೆಂದರೆ, ಅದು ಕೆರೆ ಏರಿ ಮೇಲಿರುವಾಗಲೇ ಗೇಟಿನ ಹತ್ತಿರ ಹೋಗಿ ನಿಲ್ಲುತ್ತಿದ್ದೆ.

ಅಡ್ಡಪಟ್ಟಿಯ ಸರಳು ಬಂದ ಕೂಡಲೇ ಪಟ್ಟಿಗೆ ಹಿಡಿದು ನೋಡಿದೆ. ಅದು ನಕ್ಷೆಯ ಅಳತೆಗೆ ಸರಿಯಾಗಿತ್ತು, ನನ್ನ ಅಡ್ಡಪಟ್ಟಿಗೆ ಎರಡು ಬೆರಳು ಕಡಿಮೆ. ನಾನು ಆರ್ಡರ್ ಮಾಡಿದ್ದು ಮಾವ ಆಯ ನೋಡುವ ಮುಂಚೆ. ಮೋಟಾರು ಇರಬೇಕಾದದ್ದು ಪಟ್ಟಿಯ ಎಡತುದಿಯಲ್ಲಿ. ಅಲ್ಲಿಗೆ ಸರಳು ಮುಟ್ಟುತ್ತಲೇ ಇಲ್ಲ. ಬೇರೆ ತರಿಸಿದರೆ ಇನ್ನೆಷ್ಟು ದಿನ ಗೇಟು ಕಾಯಬೇಕೋ. ಕಾಯುವುದು ನನ್ನಿಂದಾಗದ ಕೆಲಸ. ಬಲತುದಿಯಲ್ಲಿ ಮೋಟಾರು ಕೂರಿಸುವ ಬ್ರಾಕೆಟ್ಟಿಗೆ ಎರಡು ಬೆರಳು ಒಳಗಡೆ ಜಾಗವಿತ್ತು. ಸರಳನ್ನು ಹಿಂದುಮುಂದು ಮಾಡಿ, ಮೋಟಾರನ್ನು ಬಲಗಡೆಗೆ ಕೂರಿಸಿಬಿಟ್ಟೆ. ಸಂಜೆಯೊಳಗೆ ರೂಟರ್ ಹೊತ್ತ ಗಾಡಿ ಎಡಬಲಕ್ಕೆ ಓಡಾಡುತ್ತಿತ್ತು. ಒಂದೇ ಒಂದು ವಿಚಿತ್ರ: ಕಂಪ್ಯೂಟರಿನಲ್ಲಿ ಬಲಕ್ಕೆ ಹೋಗುವ ಬಾಣ ಒತ್ತಿದರೆ ಗಾಡಿ ಎಡಕ್ಕೆ ಹೋಗುತ್ತಿತ್ತು, ಎಡಕ್ಕೆ ಒತ್ತಿದರೆ ಬಲಕ್ಕೆ. ನನ್ನ ಹಳೇ ಸ್ಕೂಟಿಯಲ್ಲೂ ಇಂಡಿಕೇಟರಿನ ವೈರು ಅದಲುಬದಲಾಗಿ, ಎಡಕ್ಕೆ ತಿರುಗಬೇಕಾದರೆ ಬಲದ ಗುಂಡಿ ಒತ್ತಿಯೇ ಅಭ್ಯಾಸವಾಗಿತ್ತು. ಆಮೇಲೆ ಸರಿ ಮಾಡಿದರಾಯಿತು ಎಂದುಕೊಂಡೆ. ಬೆರಳುಗಳು ಎರಡು ದಿನದಲ್ಲಿ ಹೊಂದಿಕೊಂಡವು.

ಮೊದಲು ಕೆತ್ತಿದ್ದು ಒಂದು ವೃತ್ತ. ಆಮೇಲೆ ಚೌಕ. ಆಮೇಲೆ ಮಾವನ ಅಪ್ಪಣೆಯಂತೆ ಎಂಟು ದಳದ ಕಮಲ. ಕಮಲ ಬಂದಾಗ ಮಾವ ಅದನ್ನು ಹಿಡಿದುಕೊಂಡು ಡೈರಿವರೆಗೂ ಹೋಗಿ, ಹಾಲು ಹಾಕುವವರಿಗೆಲ್ಲ ತೋರಿಸಿ ಬಂದರು. “ಎತ್ತು ಆಯ ಕಣ್ರಲಾ, ಅದ್ಕೇ ಇಂಗೆ ಉಳ್ತದೆ” ಎಂದರಂತೆ. ನಾನು ಕೆತ್ತಿದ್ದು ಎಂದು ಒಂದು ಮಾತು ಹೇಳಿದರೋ ಇಲ್ಲವೋ ಗೊತ್ತಿಲ್ಲ.

ತಾಪತ್ರಯ ಮೇಲಿಂದ ಶುರುವಾಯಿತು. ಮಿಷಿನ್ನು ಓಡಿದರೆ ಅಟ್ಟ ನಡುಗುತ್ತಿತ್ತು. ಅಟ್ಟ ನಡುಗಿದರೆ ಕಾಯಿಗಳ ಮಟ್ಟೆಯಿಂದ ನಾರಿನ ಪುಡಿ ಉದುರಿ ನೇರವಾಗಿ ಗಾಡಿ ಓಡುವ ಕಂಬಿಗಳ ಮೇಲೆ ಬೀಳುತ್ತಿತ್ತು. ಪುಡಿ ಸಿಕ್ಕಿಕೊಂಡರೆ ಗಾಡಿ ತಡವರಿಸಿ ಹೂವಿನ ದಳ ಒಂದು ಕಡೆ ವಾಲುತ್ತಿತ್ತು. ಆ ಚಳಿ ದೇಶದ ಮೇಷ್ಟರಿಗೆ ಇದಕ್ಕೆ ಏನು ಮಾಡಬೇಕೆಂದು ಕೇಳಿದೆ. ತೆಂಗಿನಕಾಯಿ ಯಾಕೆ ಛಾವಣಿಯಲ್ಲಿದೆ ಎಂದು ಅವರು ವಾಪಸ್ ಕೇಳಿದರು. ಕಡೆಗೆ ಹಳೇ ಸೀರೆಗಳನ್ನು ಹೊಲಿದು ತೊಲೆಯಿಂದ ತೊಲೆಗೆ ಬಿಗಿದು ಕಟ್ಟಿದೆ. ಅತ್ತೆ ಬಾಗಿಲಲ್ಲಿ ನಿಂತು, “ಕಾಯ್ಗೆ ನೆಮ್ದಿ ಇಲ್ಲ ಕಣೆ. ನೆಮ್ದಿ ಇಲ್ದಿದ್ರೆ ಕೊಬ್ಬರಿ ಒಡೀತದೆ” ಎಂದರು. ನನಗೂ ಇಲ್ಲ ಎನ್ನಬೇಕೆನಿಸಿತು.

ಶ್ರಾವಣ ಹೋಯಿತು, ಗೌರಿ ಹಬ್ಬ ಹೋಯಿತು, ದಸರಾ ಬಂತು. ಊರಿನವರು ಬಂದು ನೋಡಿ, ಚೆನ್ನಾಗಿದೆ ಎಂದು ಕಾಫಿ ಕುಡಿದು ಹೋಗುತ್ತಿದ್ದರು. ಕೆಲಸ ಮಾತ್ರ ಯಾರೂ ಕೊಡಲಿಲ್ಲ. ಒಂದು ಮನೆಗೆ ಆಗುವಂಥದ್ದು ಎಂದು ಅತ್ತೆ ಹೇಳಿದ್ದು ಎಷ್ಟು ಕಷ್ಟದ ಮಾತೆಂದು ಆಗ ತಿಳಿಯಿತು. ಬೆಳಿಗ್ಗೆ ಎದ್ದರೆ ಮೊದಲು ಅಟ್ಟದ ಕಡೆಯೇ ನೋಡುತ್ತಿದ್ದೆ. ಅತ್ತೆ ಆಗಾಗ ಏಣಿ ಹತ್ತಿ, ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ಇಟ್ಟು ಇಳಿಯುತ್ತಿದ್ದರು. ಆ ಸದ್ದು ದಿನದಿನಕ್ಕೂ ಗಟ್ಟಿಯಾಗುತ್ತಿತ್ತು.

ದೀಪಾವಳಿಗೆ ಬಂದ ನಾದಿನಿ ಪವಿತ್ರ ನನ್ನ ಕೈ ಹಿಡಿದಳು ಎನ್ನಬೇಕು. ಅವಳನ್ನು ಕೊಟ್ಟಿರುವುದು ಅರಕಲಗೂಡಿನ ಆಚೆ ಮಲ್ಲಿಪಟ್ಟಣಕ್ಕೆ. ಅಲ್ಲಿ ಹೊಸ ಮನೆ ಏಳುತ್ತಿತ್ತು, ಕಾರ್ತೀಕದಲ್ಲಿ ತಲೆಬಾಗಿಲು ನಿಲ್ಲಿಸುವ ಪೂಜೆ. “ಅತ್ತಿಗೆ, ಬಾಗ್ಲ ನೆತ್ತಿ ಮೇಲೆ ಕೂರ್ಸಕ್ಕೆ ಒಂದು ಗಣಪತಿ ಕೆತ್ಕೊಡಿ. ನಮ್ಮತ್ತೆಗೆ ನಾನ್ ಹೇಳ್ತೀನಿ” ಎಂದಳು. ಅವಳ ಮಾವ ಹಳೇ ಮನೆಯಲ್ಲಿದ್ದ ಹಲಸಿನ ಹಲಗೆಯೊಂದನ್ನು ಕಳಿಸಿದರು. ಚೆನ್ನಾಗಿ ಒಣಗಿದ, ಅರಿಶಿನದ ಬಣ್ಣದ ಹಲಗೆ. ಅಂಥದ್ದು ಇನ್ನೊಂದಿರಲಿಲ್ಲ.

ಪೂಜೆಯ ಹಿಂದಿನ ದಿನ ಬೆಳಿಗ್ಗೆ ಕೆತ್ತಲು ಕೂರಿಸಿದೆ. ಅದಕ್ಕೆ ಮುಂಚೆ ಒಂದು ವಾರ ಕರೆಂಟ್ ಕಣ್ಣಾಮುಚ್ಚಾಲೆ ಆಡಿತ್ತು. ಆ ದಿನ ಸಂಜೆಯವರೆಗೆ ತೆಗೆಯುವುದಿಲ್ಲ ಎಂದು ಮನೆಯವರು ಹೇಳಿದ್ದರು. ಸಾಲು ಸಾಲಾಗಿ, ಹೊಲ ಉತ್ತ ಹಾಗೆ, ಬಿಟ್ ಹೋಗಿ ಬಂದು ಮಾಡುತ್ತಿತ್ತು. ನಾನು ಒಂದು ಕೈಯಲ್ಲಿ ಬ್ರಷ್, ಒಂದು ಕೈಯಲ್ಲಿ ಎಣ್ಣೆ ಹಿಡಿದು ಸುತ್ತುತ್ತಿದ್ದೆ. ಕಂಬಿ ನೋಡುತ್ತಿದ್ದೆ, ಮೋಟಾರು ಮುಟ್ಟಿ ಬಿಸಿ ನೋಡುತ್ತಿದ್ದೆ, ಅಟ್ಟ ನೋಡುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಬಿಟ್ ಮೊಂಡಾಗಿ ಮರ ಸೀಯತೊಡಗಿತು. ನಿಲ್ಲಿಸಿ, ಬದಲಾಯಿಸಿ, ಮತ್ತೆ ಶುರು ಮಾಡಿದೆ. ಗಣಪತಿ ಮರದ ಹೊಟ್ಟಿನ ಕೆಳಗೆ ಎಲ್ಲೋ ಇದ್ದ. ನನಗೆ ಅವನ ಮುಖ ನೋಡುವಷ್ಟು ವ್ಯವಧಾನ ಇರಲಿಲ್ಲ.

ಹೊತ್ತು ಇಳಿಯುವ ಮುಂಚೆ ಮಿಷಿನ್ನು ತಾನಾಗಿಯೇ ನಿಂತಿತು. ಮಾವ, ಅತ್ತೆ ಇಬ್ಬರೂ ಒಳಗೆ ಬಂದರು. ಅತ್ತೆ ಸೆರಗಿನ ತುದಿಯಿಂದ ಮೆಲ್ಲಗೆ ಹೊಟ್ಟು ಒರೆಸಿದರು. ಕಿವಿ ಬಂತು, ಕಿರೀಟ ಬಂತು, ಹೊಟ್ಟೆ ಬಂತು. ಅತ್ತೆಯ ಮುಖ ಅರಳುತ್ತಿದ್ದದ್ದನ್ನು ನಾನು ನೋಡುತ್ತಿದ್ದೆ. ನನ್ನ ಎದೆಯೂ ತುಂಬಿ ಬರುತ್ತಿತ್ತು. ಆಮೇಲೆ ಅವರ ಕೈ ನಿಂತಿತು.

“ಇದೇನೆ ಇದು? ಸೊಂಡ್ಲು ಬಲಕ್ಕೆ ತಿರುಗ್ಕಂಡದೆ?”

ಕಂಪ್ಯೂಟರಿನಲ್ಲಿ ನೋಡಿದೆ, ಎಡಕ್ಕಿತ್ತು. ಮರದಲ್ಲಿ ನೋಡಿದೆ, ಬಲಕ್ಕಿತ್ತು. ಬಲದ ಬಾಣ ಒತ್ತಿದರೆ ಎಡಕ್ಕೆ ಹೋಗುವ ಗಾಡಿ ಚಿತ್ರವನ್ನೂ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಕೆತ್ತಿತ್ತು. ವೃತ್ತ, ಚೌಕ, ಕಮಲ ಯಾವುದಕ್ಕೂ ಎಡಬಲ ಇಲ್ಲದ್ದರಿಂದ ಇಷ್ಟು ದಿನ ಅದು ಕಾಣಲಿಲ್ಲ. ಮೋಟಾರಿನ ಎರಡು ವೈರು ಅದಲುಬದಲು ಮಾಡಿದ್ದರೆ ಮುಗಿಯುತ್ತಿದ್ದ ಕೆಲಸ. ನಾನು ಅಲ್ಲಿಯೇ ನೆಲದ ಮೇಲೆ ಕೂತೆ.

ಬಲಮುರಿ ಗಣಪತಿ ಎಂದರೆ ನಮ್ಮಲ್ಲಿ ಹೆದರುತ್ತಾರೆ. ಮಡಿಯ ದೇವರು, ಒಂದು ದಿನ ಪೂಜೆ ತಪ್ಪುವಂತಿಲ್ಲ, ಮೈಲಿಗೆ ಸೋಕುವಂತಿಲ್ಲ. ಮಾಂಸ, ಬಾಡು ಬೇಯಿಸುವ ಮನೆಯ ತಲೆಬಾಗಿಲಿಗೆ ಅವನನ್ನು ಯಾರು ಕೂರಿಸುತ್ತಾರೆ? ಪವಿತ್ರಳಿಗೆ ಫೋನ್ ಮಾಡಿದೆ. “ಮೊದ್ಲು ತಕ್ಕಂಡ್ ಬನ್ನಿ ಅತ್ತಿಗೆ, ನೋಡಾನ” ಎಂದಳು. ಧ್ವನಿಯಲ್ಲೇ ಅಳು ಇತ್ತು.

ಮಾರನೆಯ ದಿನ ಮುಂಜಾನೆ ಬಾಡಿಗೆಯ ಓಮ್ನಿಯಲ್ಲಿ ಹೊರಟೆವು. 'ಇದು ಆಗದು' ಎಂದು ಹೇಳಲು ಮಲ್ಲಿಪಟ್ಟಣದಲ್ಲಿ ಪುರೋಹಿತರಿಗೆ ಒಂದು ನೋಟ ಸಾಕಾಯಿತು. ಪವಿತ್ರಳ ಅತ್ತೆ ಒರಟು ಹೆಂಗಸಲ್ಲ. ಗಣಪತಿಗೆ ಒಂದು ಮಣೆ ಕೊಟ್ಟು, ಹೂವಿಟ್ಟು, ಹೊರಗೆ ಸಿಮೆಂಟ್ ಮೂಟೆಗಳ ಪಕ್ಕದಲ್ಲಿ ಕೂರಿಸಿದರು. ಒಳಗೆ ಮಾತ್ರ ತರಬೇಡಿ ಎಂದರು. ಮುತ್ತೈದೆಯರು ಬಾಗಿಲುವಾಡಕ್ಕೆ ಅರಿಶಿನ ಕುಂಕುಮ ಹಚ್ಚಿದರು, ನವಧಾನ್ಯದ ಗಂಟು ಕಟ್ಟಿದರು, ಗಂಡಸರು ಎತ್ತಿ ನಿಲ್ಲಿಸಿದರು. ನೆತ್ತಿಯ ಮೇಲೆ ಬೋಳು ಹಲಗೆ. ಎಲ್ಲರೂ ನನ್ನನ್ನು ನೋಡದೇ ಇರಲು ಪ್ರಯತ್ನಪಡುತ್ತಿದ್ದರು.

ವಾಪಸ್ ಬರುವಾಗ ಹಲಗೆ ನನ್ನ ತೊಡೆಯ ಮೇಲಿತ್ತು, ಹೊಸ ಟವೆಲಿನಲ್ಲಿ ಸುತ್ತಿ. ಅತ್ತೆ ಅದಕ್ಕೆ ಕಾಲು ತಗಲದಂತೆ ಮುದುಡಿ ಕೂತಿದ್ದರು. ಹೊಳೆನರಸೀಪುರದ ಹತ್ತಿರ ಹೇಮಾವತಿಯ ಸೇತುವೆ ಬಂದಾಗ ಅವರು ಡ್ರೈವರಿಗೆ ನಿಲ್ಲಿಸು ಎಂದರು.

“ಹೊಳೆಗೆ ಬುಟ್ಬುಡಾನ. ಮನೇಲಿ ಮಡಿಕಂಡು ಪೂಜೆ ತಪ್ಪುದ್ರೆ ನಮ್ಮೆಲ್ರ ತಲೆಗೇ ಬತ್ತದೆ.”

“ಯಾಕ್ ಬುಡಬೇಕು? ಒಡ್ದದಾ? ಭಿನ್ನ ಆಗೈತಾ?” ಎಂದರು ಮಾವ. “ನೆಟ್ಗಿರೋ ದೇವ್ರನ್ನ ನೀರ್ಗೆ ಹಾಕು ಅಂತ ಯಾವ ಶಾಸ್ತ್ರದಲ್ಲೈತೆ?”

“ನೆಟ್ಗದಾ? ಅವ್ಳ ಮಿಷಿನ್ನು ದೇವ್ರನ್ನೇ ತಿರುಗಿಸ್ಬುಡ್ತಲ್ಲ!”

ನಾನು ತಡೆಯಲಾರದೆ ಹೋದೆ. “ಮಿಷಿನ್ನಲ್ಲ ಅತ್ತೆ, ಮಾವನ ಎರಡು ಬೆರಳು! ಆ ಎರಡು ಬೆರಳು ಜಾಸ್ತಿ ಮಾಡಿದ್ದಕ್ಕೆ ಸರಳು ಸಾಲಲಿಲ್ಲ, ಅದಕ್ಕೆ ಮೋಟಾರು ಈ ಕಡೆ ಬಂತು, ಅದಕ್ಕೇ ಎಲ್ಲಾ ಉಲ್ಟಾ ಆಗಿದ್ದು. ನಾಯಿ ಆಯವೇ ಇರಲಿ ಅಂತ ಬಿಟ್ಟಿದ್ದರೆ ಇವತ್ತು ನಮ್ಮ ಗಣಪತಿ ಅಲ್ಲಿ ಬಾಗಿಲ ಮೇಲಿರ್ತಿದ್ದ.”

ಹಿರಿಯರ ಮುಂದೆ ಹಾಗೆ ಕೂಗಾಡಿದ್ದು ಅದೇ ಮೊದಲು. ಡ್ರೈವರ್ ಕೂಡ ಕನ್ನಡಿಯಿಂದ ಕಣ್ಣು ತೆಗೆದ. ಮಾವನ ಮುಖ ಸಣ್ಣದಾಯಿತು. ಕಿಟಕಿಯಾಚೆ ಹೊಳೆಯನ್ನೇ ನೋಡುತ್ತ, “ಗಾಡಿ ಬುಡಪ್ಪ” ಎಂದರು.

ಅತ್ತೆ ಏಣಿ ಹತ್ತಿ ಕಾಯಿ ಅಲ್ಲಾಡಿಸಿ ಬಂದಿದ್ದು ಅಂದು ಸಂಜೆಯೇ. ಬೆಳಿಗ್ಗೆ ಆಳುಗಳು ಬಂದರು, ಬುಟ್ಟಿ, ಹಗ್ಗ, ಮಟ್ಟೆ ಸುಲಿಯುವ ಗೂಟ ಎಲ್ಲ ತಂದು ಅಂಗಳದಲ್ಲಿ ಹಾಕಿದರು. ಯಾರೂ ನನಗೆ ಹೇಳಬೇಕಾಗಿರಲಿಲ್ಲ. ಕೋಣೆಗೆ ಹೋಗಿ, ಸೀರೆಯ ಮೇಲ್ಕಟ್ಟು ಇಳಿಸಿ, ಮಿಷಿನ್ನಿನ ಬೋಲ್ಟು ಬಿಚ್ಚಲು ಶುರು ಮಾಡಿದೆ. ಗುಜರಿಯವನು ಹೇಗಿದ್ದರೂ ಸುತ್ತಿಗೆಯಲ್ಲಿ ಬಡಿದು ಮುರಿಯುತ್ತಾನೆ. ಅದಕ್ಕಿಂತ ನಾನೇ ಬಿಚ್ಚುವುದು ಮರ್ಯಾದೆ ಎನಿಸಿತು. ಕಣ್ಣೀರು ಬರುತ್ತಿತ್ತು. ಒರೆಸಿಕೊಳ್ಳಲು ಹೋದರೆ ಕೈಯೆಲ್ಲಾ ಗ್ರೀಸು.

ಅಷ್ಟರಲ್ಲಿ ಹೊರಗೆ ಮೊಳೆ ಹೊಡೆಯುವ ಸದ್ದು. ತಲೆಯ ಮೇಲೇ ಹೊಡೆದ ಹಾಗೆ ಕೇಳುತ್ತಿತ್ತು. ಬಾಗಿಲಿಗೆ ಬಂದು ನೋಡಿದರೆ ಮಾವ ಸ್ಟೂಲಿನ ಮೇಲೆ ನಿಂತಿದ್ದರು. ಆಗತಾನೇ ಮಿಂದ ಮೈ, ಒದ್ದೆ ಪಂಚೆ, ಬಾಯಲ್ಲಿ ಇನ್ನೆರಡು ಮೊಳೆ. ಕೋಣೆಯ ಬಾಗಿಲ ನೆತ್ತಿಯ ಮೇಲೆ ನನ್ನ ಬಲಮುರಿ ಗಣಪತಿ ಕೂತಿದ್ದ. ಹಣೆಗೆ ಗಂಧ, ಕುಂಕುಮ, ಮೇಲೊಂದು ಕೆಂಪು ದಾಸವಾಳ. ಕೆಳಗೆ ಹೊಸ್ತಿಲಲ್ಲಿ ಊದುಬತ್ತಿ ಉರಿಯುತ್ತಿತ್ತು.

ಸದ್ದು ಕೇಳಿ ಹಿತ್ತಲಿನಿಂದ ಅತ್ತೆ ಓಡಿ ಬಂದರು. ನೋಡಿದವರೇ ಎದೆಯ ಮೇಲೆ ಕೈ ಇಟ್ಟುಕೊಂಡರು.

“ಅಯ್ಯೋ ಶಿವನೇ! ಏನ್ ಮಾಡ್ಬುಟ್ರಿ ಇದ್ನ?”

ಮಾವ ಮೊಳೆಗಳನ್ನು ಬಾಯಿಂದ ತೆಗೆದು, ನಿಧಾನವಾಗಿ ಇಳಿದು, ಕೈ ಮುಗಿದರು. ಆಮೇಲೆ ಹೇಳಿದರು: “ಕೂರ್ಸಾಯ್ತು ಕಣೆ. ಪೂಜೇನೂ ಆಯ್ತು. ಇನ್ ಎಬ್ಬುಸಕ್ಕಾಯ್ತದಾ? ನೀನೇ ಹೇಳು.”

“ಕಾಯಿ ಇಳಿಸೋ ಕ್ವಾಣೆ ಇದು!”

“ಬಲಮುರಿ ಕೂತ ಬಾಗ್ಲು ಕಣೆ. ಇದ್ರೊಳ್ಗೆ ಮಟ್ಟೆ ಸುಲ್ಸಿ, ಆಳ್ಗಳ ಬೀಡಿ ಸೇದ್ಸಿ, ಎಲಡ್ಕೆ ಉಗುಳ್ಸು ನೋಡಾನ.” ಆಮೇಲೆ ನನ್ನ ಕಡೆ ತಿರುಗಿದರು. ನಿನ್ನೆಯಿಂದ ನನ್ನ ಮುಖವನ್ನು ಅವರು ಸರಿಯಾಗಿ ನೋಡಿರಲಿಲ್ಲ. “ಎರಡು ಬೆಳ್ಳಿಂದ ಅಂದೆಯಲ್ಲವ್ವ. ಅಂಗಾರೆ ನಂದೂ ಒಂದ್ ಪಾಲದೆ ಇದ್ರಲ್ಲಿ. ನನ್ ಪಾಲಿಂದು ನಾನ್ ಮಾಡಿವ್ನಿ.”

ಅಂಗಳದಲ್ಲಿ ಆಳುಗಳು ಬುಟ್ಟಿ ಹಿಡಿದು ಹಾಗೇ ನಿಂತಿದ್ದರು. ಅತ್ತೆ ಗಣಪತಿಯನ್ನು ನೋಡಿದರು, ಗಂಡನನ್ನು ನೋಡಿದರು, ಮಿಷಿನ್ನಿನ ಮುಂದೆ ಸ್ಪ್ಯಾನರ್ ಹಿಡಿದು ನಿಂತಿದ್ದ ನನ್ನನ್ನು ನೋಡಿದರು. ನನ್ನ ಮುಖದಲ್ಲಿ ಕಣ್ಣೀರು, ಗ್ರೀಸು ಕಲಸಿಕೊಂಡು ಹೇಗಿತ್ತೋ ಏನೋ. ಅವರಿಗೆ ಭಯವಾಗಿತ್ತು, ಸಿಟ್ಟು ಬಂದಿತ್ತು, ಗಂಡ ಎದುರಿಗೇ ಆಟ ಕಟ್ಟಿದ್ದಾನೆ ಎಂಬುದೂ ಗೊತ್ತಿತ್ತು. ಆದರೆ ಕೂತ ದೇವರನ್ನು ಎಬ್ಬಿಸುವ ಹೆಂಗಸು ಅವರಲ್ಲ. ನಿಧಾನಕ್ಕೆ ಸೆರಗು ಹೊದ್ದುಕೊಂಡು, ಹೊಸ್ತಿಲಿಗೆ ಬಗ್ಗಿ, ಬೆರಳಿನಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು.

“ಲೋ, ಅಟ್ಟದ ಹಿಂದ್ಗಡೆ ಹಲ್ಗೆ ತೆಗುದು ಕಾಯ್ನ ಹಿತ್ಲಿಗೆ ಇಳಿಸ್ರಲಾ” ಎಂದು ಆಳುಗಳಿಗೆ ಕೂಗಿ ಹೇಳಿದರು. ಆಮೇಲೆ ನನಗೆ. ಬೈಯುವ ಧ್ವನಿಯಲ್ಲೇ, ಒಂದಿಷ್ಟೂ ಸಡಿಲ ಬಿಡದೆ. “ನೀನೇನೆ ನಿಂತ್ಕಂಡಿದೀಯ? ಮೊದ್ಲು ಓಗಿ ಮಿಂದ್ಕಬಾ. ಇನ್ಮೇಲೆ ಮೀಯ್ದೆ ಈ ಹೊಸ್ಲು ದಾಟಂಗಿಲ್ಲ. ಬಾಡುಂಡ ದಿನ ಮಿಷಿನ್ ಮುಟ್ಟಂಗಿಲ್ಲ. ಚಪ್ಲಿ ಆಚ್ಗೆ. ದಿನಾ ಬೆಳಿಗ್ಗೆ ಹೂವ ಇಕ್ದೆ ಆ ಸ್ವಿಚ್ ಹಾಕುದ್ರೆ ಕೈ ಮುರೀತೀನಿ. ವರ್ಷಪೂರ್ತಿ. ತಿಳೀತಾ?”

ವರ್ಷಪೂರ್ತಿ ಎಂದರು. ನಾನು ಕೇಳಿಸಿಕೊಂಡದ್ದು ಅದೊಂದೇ ಮಾತು.

ಬಚ್ಚಲಿಗೆ ಓಡಿದೆ. ಹಂಡೆಗೆ ಬೆಂಕಿ ಹಾಕಿರಲಿಲ್ಲ. ತಣ್ಣೀರನ್ನೇ ಚೊಂಬು ಚೊಂಬಾಗಿ ತಲೆಗೆ ಸುರಿದುಕೊಂಡೆ. ಕಾರ್ತೀಕದ ಚಳಿಗೆ ಹಲ್ಲು ಕಟಕಟ ಎನ್ನುತ್ತಿದ್ದವು, ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ತಿಳಿಯಲಿಲ್ಲ. ಸೋಪು ತೆಗೆದುಕೊಳ್ಳಲು ಹೋದಾಗಲೇ ಗೊತ್ತಾದದ್ದು, ಬಿಚ್ಚಿದ್ದ ಬೋಲ್ಟುಗಳು ಇನ್ನೂ ಎಡಗೈ ಮುಷ್ಟಿಯಲ್ಲೇ ಇವೆ ಎಂದು. ಅವನ್ನೂ ತೊಳೆದೆ. ಒದ್ದೆ ಕೂದಲನ್ನು ಟವೆಲಿನಲ್ಲಿ ಕಟ್ಟಿಕೊಂಡು ಬಂದು, ಅತ್ತೆ ಹೇಳಿದಂತೆ ಚಪ್ಪಲಿ ಹೊರಗೆ ಬಿಟ್ಟು, ಹೊಸ್ತಿಲು ದಾಟಿ, ಒಂದೊಂದಾಗಿ ಅವನ್ನೆಲ್ಲ ಮತ್ತೆ ಬಿಗಿಯತೊಡಗಿದೆ.